ಬಿಸಿಲು ಬೆಳೆದ ಸೀಮೆಗೆ ಆರೋಗ್ಯದ ಪಾಲು

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗ ಜಿಲ್ಲಾವಾರು ಪಟ್ಟಿ ನೋಡುವ ಹೊರಗಿನವರಿಗೆ ಒಂದು ಸಂಶಯ ಬರುವುದುಂಟು. ಪಟ್ಟಿಯಲ್ಲಿ ತುಮಕೂರಿನ ಹೆಸರಿರುತ್ತದೆ. ಅದರ ಜೊತೆಗೆ ಮಧುಗಿರಿಯ ಹೆಸರೂ ಬೇರೆಯಾಗಿಯೇ ಇರುತ್ತದೆ. ಮಧುಗಿರಿ ಯಾವಾಗ ಜಿಲ್ಲೆಯಾಯಿತು? ಆಗಿಲ್ಲ. ಅದು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇರುವ ‘ಶೈಕ್ಷಣಿಕ ಜಿಲ್ಲೆ’. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಅದಕ್ಕೆ ಸೇರುತ್ತವೆ.

ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟು ಸೇರಿಸುವುದು ಶಾಲೆಯ ಲೆಕ್ಕವೊಂದೇ ಅಲ್ಲ. ಕಲ್ಲುಗುಡ್ಡ, ಕಡಿಮೆ ಮಳೆ, ಆಳಕ್ಕಿಳಿದ ಕೊಳವೆ ಬಾವಿ, ಕೂಲಿ ಹುಡುಕಿ ಬೆಂಗಳೂರಿನ ಬಸ್ಸು ಹತ್ತುವ ಯುವಕರು ಎಲ್ಲ ಕಡೆಯೂ ಇದ್ದಾರೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು.

ಆ ವರದಿ ಬಂದು ಎರಡು ದಶಕ ಕಳೆಯುವಷ್ಟರಲ್ಲಿ ಇದೇ ಸೀಮೆಯ ಒಂದು ಮೂಲೆ ಲೋಕಪ್ರಸಿದ್ಧವಾಯಿತು. ಅದಕ್ಕೆ ಕಾರಣ ಇಲ್ಲಿಯ ಜನ ತಲೆತಲಾಂತರದಿಂದ ಶಪಿಸುತ್ತ ಬಂದ ಬಿಸಿಲು.

ಹೊಲದಲ್ಲಿ ಗಾಜಿನ ಬೆಳೆ

ಪಾವಗಡದ ಭೂಪಟವನ್ನು ಒಮ್ಮೆ ನೋಡಿ. ಮೂರು ದಿಕ್ಕಿನಲ್ಲಿ ಆಂಧ್ರಪ್ರದೇಶ ಆವರಿಸಿಕೊಂಡ, ಕರ್ನಾಟಕಕ್ಕೆ ಒಂದು ಕಡೆಯಿಂದ ಅಂಟಿಕೊಂಡ ತಾಲ್ಲೂಕು ಇದು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಆಂಧ್ರದ ನೆಲವನ್ನು ದಾಟಬೇಕಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿಯ ಅನೇಕ ಮಕ್ಕಳಿಗೆ ಸಹಜ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಗುಳೆ. ಇದು ಹಳೆಯ ಲೆಕ್ಕ.

ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಸೌರ ಪಾರ್ಕ್ ಕಟ್ಟುವ ತೀರ್ಮಾನವಾಯಿತು. ಅದಕ್ಕಾಗಿ 2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿತು. ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಅದರ ಪಾಲುದಾರರು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕನ್ನು ಉದ್ಘಾಟಿಸಿದರು, ಡಿ.ಕೆ. ಶಿವಕುಮಾರ್ ಆಗ ಇಂಧನ ಸಚಿವರಾಗಿದ್ದರು. ‘ಶಕ್ತಿ ಸ್ಥಳ’ ಎಂದು ಹೆಸರಿಟ್ಟ ಈ ಪಾರ್ಕು 2019ರ ಡಿಸೆಂಬರ್ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಮುಟ್ಟಿತು.

2,050 ಮೆಗಾವಾಟ್ ಎಂದರೆ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಒಂದು ಮೆಗಾವಾಟ್ ಸ್ಥಾವರ ಪೂರ್ಣ ಶಕ್ತಿಯಲ್ಲಿ ಒಂದು ಗಂಟೆ ನಡೆದರೆ ಸಾವಿರ ಯೂನಿಟ್ ವಿದ್ಯುತ್ ಸಿಗುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ಮಂದ, ರಾತ್ರಿ ಏನೂ ಇಲ್ಲ, ಮೋಡದ ದಿನಗಳೂ ಇವೆ. ಆದ್ದರಿಂದ ದಿನಕ್ಕೆ ನಾಲ್ಕೇ ಗಂಟೆ ಪೂರ್ಣ ಶಕ್ತಿಗೆ ಸಮನಾಗಿ ದುಡಿಯಿತು ಎಂದಿಟ್ಟುಕೊಳ್ಳೋಣ. ಆಗಲೂ ದಿನಕ್ಕೆ 82 ಲಕ್ಷ ಯೂನಿಟ್ ಆಯಿತು. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗಳಾದರೆ ಸುಮಾರು 24 ಲಕ್ಷ ಮನೆಗಳಿಗೆ ಸಾಕು. ಕಲ್ಲಿದ್ದಲು ಸುಡಲಿಲ್ಲ, ಹೊಗೆ ಏಳಲಿಲ್ಲ, ಕಾಡು ಮುಳುಗಲಿಲ್ಲ.

ಭೂಮಿ ಮಾರಲಿಲ್ಲ, ಬಾಡಿಗೆಗೆ ಕೊಟ್ಟರು

ಪಾವಗಡದ ನಿಜವಾದ ಹೊಸತನ ಇರುವುದು ಯಂತ್ರದಲ್ಲಿ ಅಲ್ಲ, ಜಮೀನಿನ ಕರಾರಿನಲ್ಲಿ. ಅಣೆಕಟ್ಟು, ಕಾರ್ಖಾನೆ, ಹೆದ್ದಾರಿ ಯಾವುದೇ ಬರಲಿ, ರೈತನ ಭೂಮಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಒಂದು ಸಲ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಪರಿಹಾರದ ಹಣ ಮದುವೆಗೆ, ಸಾಲಕ್ಕೆ, ಮೋಟಾರ್ ಸೈಕಲ್ಲಿಗೆ ಕರಗಿಹೋಗುತ್ತದೆ. ಪಹಣಿಯಲ್ಲಿ ಹೆಸರೂ ಇರುವುದಿಲ್ಲ.

ಇಲ್ಲಿ ಹಾಗೆ ಮಾಡಲಿಲ್ಲ. ಭೂಮಿಯ ಒಡೆತನ ರೈತನಲ್ಲೇ ಉಳಿಯಿತು. ನಿಗಮ ಅದನ್ನು 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಸುಮಾರು 2,300 ರೈತರು ಹೀಗೆ ಜಮೀನು ಕೊಟ್ಟರು. ಮಳೆಯನ್ನೇ ನಂಬಿದ ಮೂರು ಎಕರೆಯ ಯಜಮಾನನಿಗೆ ವರ್ಷಕ್ಕೆ 63 ಸಾವಿರ ರೂಪಾಯಿ ಮಳೆ ಬಂದರೂ ಬಾರದಿದ್ದರೂ ಕೈಸೇರುವುದೆಂದರೆ ಸಣ್ಣ ಮಾತಲ್ಲ. ಕಾಲೇಜಿನ ಶುಲ್ಕ ಕಟ್ಟುವ ದಿನ ಲೇವಾದೇವಿಯವನ ಮನೆ ಬಾಗಿಲಿಗೆ ಹೋಗಬೇಕಾದ ತಂದೆಗೆ ಅದರ ಬೆಲೆ ಗೊತ್ತು.

ಈ ಕರಾರನ್ನು ವಿಜ್ಞಾನಿ ಬರೆದದ್ದಲ್ಲ. ಜನ ಆರಿಸಿ ಕಳಿಸಿದ ಸರ್ಕಾರ ಮಾಡಿದ ತೀರ್ಮಾನ ಅದು. ರಾಜಕಾರಣ ಎಂದರೆ ಹಾರ, ತುರಾಯಿ, ಪಕ್ಷಾಂತರ ಎಂದಷ್ಟೇ ತಿಳಿದಿರುವ ನಮ್ಮ ಮಕ್ಕಳಿಗೆ ಇದನ್ನು ತೋರಿಸಬೇಕು. ಒಂದು ಕರಾರಿನ ಒಂದು ಸಾಲು ಸಾವಿರಾರು ಕುಟುಂಬಗಳ ಮುಂದಿನ 28 ವರ್ಷವನ್ನು ಬದಲಿಸಬಲ್ಲದು. ರಾಜಕಾರಣದ ತಿರುಳು ಇರುವುದು ಅಲ್ಲಿ.

ಲೆಕ್ಕದ ಇನ್ನೊಂದು ಪುಟ

ಅದೇ ಕರಾರನ್ನು ಬೀಜಗಣಿತ ಬಲ್ಲ ಹುಡುಗಿಯೊಬ್ಬಳು ಓದಿದರೆ ಇನ್ನೊಂದು ಅಂಶ ಅವಳ ಕಣ್ಣಿಗೆ ಬಿದ್ದೀತು. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಸುಮಾರು ಎರಡೂವರೆ. ಹದಿಮೂರು ಸಲ ಏರಿದ ಮೇಲೆ, ಅಂದರೆ ಕೊನೆಯ ಎರಡು ವರ್ಷಗಳಲ್ಲಿ, ಎಕರೆಯ ಬಾಡಿಗೆ 39,600 ರೂಪಾಯಿಯ ಹತ್ತಿರ ನಿಲ್ಲುತ್ತದೆ. ಆದರೆ ಅಕ್ಕಿ, ಎಣ್ಣೆ, ಔಷಧದ ಬೆಲೆ ವರ್ಷಕ್ಕೆ ಶೇ 5ರಂತೆ ಏರುತ್ತ ಹೋದರೆ 28 ವರ್ಷದಲ್ಲಿ ಅವು ನಾಲ್ಕು ಪಟ್ಟಿನ ಸಮೀಪಕ್ಕೆ ಬರುತ್ತವೆ. ಬಾಡಿಗೆ ಎರಡು ಪಟ್ಟೂ ಆಗುವುದಿಲ್ಲ. ಇಂದು ನೆಮ್ಮದಿಯಾಗಿ ಕಾಣುವ ಹಣ ನಾಳೆ ತೆಳುವಾಗುತ್ತದೆ.

ಎರಡನೆಯ ಅಂಶ ಇನ್ನೂ ಗಂಭೀರ. ಬಾಡಿಗೆ ಬರುವುದು ಜಮೀನು ಇದ್ದವನಿಗೆ. ಜಮೀನೇ ಇಲ್ಲದ ಕೂಲಿಯವಳಿಗೆ ಏನು ಬಂತು? ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೆಲಸ ಬೇಲಿಯಾಚೆ ಉಳಿಯಿತು. ಕುರಿ ಕಾಯುವವನಿಗೆ ಬಯಲೇ ಹೋಯಿತು. ಗಾಜಿನ ಹಲಗೆ ಒರೆಸುವುದು, ಹುಲ್ಲು ಕೊಯ್ಯುವುದು, ಕಾವಲು ಇಂಥ ಒಂದಷ್ಟು ಕೆಲಸಗಳು ಹುಟ್ಟಿದವು ನಿಜ. ಆದರೆ ಸೌರ ಸ್ಥಾವರವನ್ನು ಕಟ್ಟುವಾಗ ಬೇಕಾಗುವಷ್ಟು ಕೈಗಳು ನಡೆಸುವಾಗ ಬೇಕಾಗುವುದಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಹಳೆಯ ಗಾದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಬೆಳಕಿಗಾಗಿ ದಶಕಗಳ ಕಾಲ ಕಾದವು. ಶಕ್ತಿ ಹುಟ್ಟುವ ಊರಿಗೂ ಶಕ್ತಿ ಹೋಗಿ ಮುಟ್ಟುವ ಊರಿಗೂ ನಡುವೆ ಇರುವ ಈ ಅಂತರ ಹೊಸದಲ್ಲ.

ಹಲ್ಲಿನ ಮೇಲೆ ಬರೆದ ಚರಿತ್ರೆ

ಈಗ ಬಿಸಿಲಿನಿಂದ ನೀರಿಗೆ ಬರೋಣ. ಈ ಸೀಮೆಯ ಮಕ್ಕಳ ಆರೋಗ್ಯದ ಪ್ರಶ್ನೆ ಇರುವುದು ಅಲ್ಲಿ.

ಪಾವಗಡದ, ಹಾಗೆಯೇ ಶಿರಾ ಮತ್ತು ಮಧುಗಿರಿಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಇದು ಯಾವುದೋ ಕಾರ್ಖಾನೆಯ ಪಾಪವಲ್ಲ. ಇಲ್ಲಿಯ ನೆಲದಡಿಯ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹಿಂದೆ ತೆರೆದ ಬಾವಿ, ಕೆರೆಯ ನೀರು ಕುಡಿಯುತ್ತಿದ್ದಾಗ ಮಳೆಯ ಹೊಸ ನೀರು ಬೆರೆಯುತ್ತಿತ್ತು. ಕೆರೆ ಬತ್ತಿ, ಕೊಳವೆ ಬಾವಿ ನೂರಾರು ಅಡಿ ಕೆಳಗಿಳಿದ ಮೇಲೆ ನಾವು ಕುಡಿಯತೊಡಗಿದ್ದು ಬಂಡೆಯೊಳಗೆ ಬಹುಕಾಲ ನಿಂತ ನೀರನ್ನು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟಿ ಮೂಡುತ್ತವೆ. ಉಜ್ಜಿದರೆ ಅವು ಹೋಗುವುದಿಲ್ಲ. ಕಾಲೇಜು ಸೇರಿದ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾಳೆ. ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತವೆ. ರೋಗ ಮುಂದುವರಿದರೆ ಬೆನ್ನು ಬಾಗುತ್ತದೆ. ‘ವಯಸ್ಸಾಯಿತು, ವಾಯು’ ಎಂದು ಮನೆಯವರು ಸುಮ್ಮನಾಗುತ್ತಾರೆ.

ತಂದೆ ತಾಯಂದಿರು ತಿಳಿದಿರಬೇಕಾದ ಮಾತೊಂದಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಮಳೆನೀರು ಹಿಡಿದು ಕುಡಿಯುವುದು, ಶುದ್ಧ ನೀರಿನ ಘಟಕದಿಂದ ತರುವುದು, ದೂರದ ನದಿಯ ನೀರನ್ನು ಕೊಳವೆಯಲ್ಲಿ ತರಿಸುವುದು, ಇವು ಮೂರು ದಾರಿಗಳು. ಜೊತೆಗೆ ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿಯಂಥ ಸುಣ್ಣ ಮತ್ತು ‘ಸಿ’ ಜೀವಸತ್ವ ಇರುವ ಆಹಾರ ಮಕ್ಕಳಿಗೆ ಸಿಕ್ಕರೆ ಕೆಡುಕಿನ ಪೆಟ್ಟು ಸ್ವಲ್ಪ ತಗ್ಗುತ್ತದೆ. ರಾಗಿ ನಮ್ಮ ಮನೆಯಲ್ಲೇ ಇದೆ. ಸುರಕ್ಷಿತ ನೀರನ್ನು ಮಾತ್ರ ಊರು ಒಟ್ಟಾಗಿ ಕೇಳಿ ಪಡೆಯಬೇಕು.

ಆ ಕೂಗಿಗೆ ಉತ್ತರವಾಗಿ ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೂ ನೆರೆಯ ಬರಪೀಡಿತ ತಾಲ್ಲೂಕುಗಳಿಗೂ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ರೂಪುಗೊಂಡಿತು. ಅದು ವರ್ಷಗಳ ಕಾಯುವಿಕೆಯ ನಂತರ 2025ರಲ್ಲಿ ಪಾವಗಡದಲ್ಲಿ ಉದ್ಘಾಟನೆಯಾಯಿತು. ಕೊರಟಗೆರೆಯ ಕಡೆ ಎತ್ತಿನಹೊಳೆ ಯೋಜನೆಯ ಬೈರಗೊಂಡ್ಲು ಜಲಾಶಯದ ಮಾತು, ಶಿರಾದಲ್ಲಿ ಹೇಮಾವತಿ ಮತ್ತು ಭದ್ರಾ ಮೇಲ್ದಂಡೆಯ ಮಾತು. ಈ ನಾಲ್ಕು ತಾಲ್ಲೂಕುಗಳ ಪ್ರತಿ ಚುನಾವಣೆಯಲ್ಲೂ ನೀರೇ ಪ್ರಚಾರದ ಮೊದಲ ಮಾತು. ಆದರೆ ಉದ್ಘಾಟನೆಯ ಕಲ್ಲಿನಿಂದ ಮನೆಯ ಬಿಂದಿಗೆಯವರೆಗೆ ನೀರು ಹರಿಯಬೇಕು, ವರ್ಷವಿಡೀ ಹರಿಯಬೇಕು. ಅದರ ಮೇಲೆ ಕಣ್ಣಿಡುವುದು ಊರಿನ ಕೆಲಸ.

ಗಣಿಯ ಊರಿನಿಂದ ಒಂದು ಪಾಠ

ಶಕ್ತಿ ಕೊಟ್ಟ ನೆಲ ತನ್ನ ಆರೋಗ್ಯದ ಪಾಲು ಕೇಳಬಹುದೇ? ಕೇಳಿ ಪಡೆದ ಉದಾಹರಣೆಯೊಂದು ಚರಿತ್ರೆಯಲ್ಲಿದೆ. ಅದಕ್ಕಾಗಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯಕ್ಕೆ ಹೋಗಿ ಬರಬೇಕು.

ಅಲ್ಲಿಯ ಟ್ರೆಡೆಗರ್ ಕಲ್ಲಿದ್ದಲು ಗಣಿಗಳ ಊರು. ಆ ಕಣಿವೆಗಳ ಕಲ್ಲಿದ್ದಲು ಹಡಗುಗಳನ್ನೂ ರೈಲುಗಳನ್ನೂ ಓಡಿಸಿತು. ಗಣಿಯ ಕಾರ್ಮಿಕರ ಪುಪ್ಪುಸದಲ್ಲಿ ಉಳಿದದ್ದು ದೂಳು. ಆ ಕಾರ್ಮಿಕರು ತಮ್ಮ ಕೂಲಿಯಿಂದ ವಾರವಾರ ಕೆಲವು ಕಾಸುಗಳನ್ನು ಒಂದು ನಿಧಿಗೆ ಹಾಕಿ, ವೈದ್ಯರನ್ನು ತಾವೇ ನೇಮಿಸಿಕೊಂಡರು. ಕಾಯಿಲೆ ಬಿದ್ದವನು ಆ ಹೊತ್ತಿನಲ್ಲಿ ಹಣ ಹುಡುಕಬೇಕಾಗಿರಲಿಲ್ಲ. ಆ ಊರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗಣಿಗಿಳಿದ ಅನ್ಯೂರಿನ್ ಬೆವನ್‌ನ ತಂದೆ ಗಣಿಯ ದೂಳಿನ ಕಾಯಿಲೆಯಿಂದಲೇ ತೀರಿಕೊಂಡ. ಬೆವನ್ 1929ರಲ್ಲಿ ಸಂಸತ್ತಿಗೆ ಆರಿಸಿಬಂದು 1945ರಲ್ಲಿ ಆರೋಗ್ಯ ಸಚಿವನಾದ. ತನ್ನ ಊರಿನ ಆ ಸಣ್ಣ ನಿಧಿಯ ತತ್ತ್ವವನ್ನು ಅವನು ದೇಶಕ್ಕೆಲ್ಲ ಹಬ್ಬಿಸಿದ. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು.

ನಮ್ಮಲ್ಲೂ ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಭೋರ್ ಸಮಿತಿ ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬ ತತ್ತ್ವವನ್ನು ಮುಂದಿಟ್ಟಿತ್ತು. ಇಂದು ಹಳ್ಳಿಯ ಹತ್ತಿರ ಕಾಣುವ ಪ್ರಾಥಮಿಕ ಆರೋಗ್ಯ ಕೇಂದ್ರದ ಬೇರು ಅಲ್ಲಿದೆ. ಬಯಲುಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಬಂತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆ ಬಂದಳು. ವೃದ್ಧರಿಗಾಗಿ 2007ರಲ್ಲಿ ಸಂಧ್ಯಾ ಸುರಕ್ಷಾ ಬಂತು. ಮಕ್ಕಳು ಬೆಂಗಳೂರಿಗೆ ಹೋಗಿ, ಅಜ್ಜ ಅಜ್ಜಿ ಮಾತ್ರ ಉಳಿದ ಮನೆಗಳು ಈ ಸೀಮೆಯಲ್ಲಿ ಎಷ್ಟಿವೆ ಎಂದು ಎಣಿಸಿದರೆ ಆ ಪಿಂಚಣಿಯ ಬೆಲೆ ತಿಳಿಯುತ್ತದೆ. ಆದರೆ ಪಿಂಚಣಿ ಗುಳಿಗೆ ತಂದುಕೊಟ್ಟೀತು, ಬೆನ್ನು ಬಾಗಿದ ಅಜ್ಜಿಯನ್ನು ಸ್ನಾನಕ್ಕೆ ಎಬ್ಬಿಸಲಾರದು. ಆರೈಕೆಗೆ ಮನುಷ್ಯರೇ ಬೇಕು.

ಸರ್ಕಾರದ ಕೈ ಸಾಲದ ಕಡೆ ಸೇವಾಸಂಸ್ಥೆಗಳು ಹೆಗಲು ಕೊಟ್ಟಿವೆ. ಪಾವಗಡದಲ್ಲಿ ಸ್ವಾಮಿ ಜಪಾನಂದರ ನೇತೃತ್ವದ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ಮತ್ತು ಕಣ್ಣಿನ ರೋಗಿಗಳಿಗೆ ಮಾಡಿದ ಸೇವೆ ಗಡಿಯ ಎರಡೂ ಕಡೆಯ ಜನರಿಗೆ ಗೊತ್ತು. ಅದರ ಶಾರದಾದೇವಿ ಕಣ್ಣಿನ ಆಸ್ಪತ್ರೆಗೆ ಆಂಧ್ರದ ಹಳ್ಳಿಗಳಿಂದಲೂ ರೋಗಿಗಳು ಬರುತ್ತಾರೆ. ಆದರೂ ಪುಣ್ಯವಂತರ ಸೇವೆ ಸರ್ಕಾರದ ಹೊಣೆಗೆ ಜೊತೆಯಾಗಬಹುದೇ ಹೊರತು ಬದಲಿಯಾಗಲಾರದು.

ಬಿಸಿಲಿನಿಂದಲೇ ಮದ್ದು

ಸೌರಶಕ್ತಿ ಮತ್ತು ಆರೋಗ್ಯ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇರಬಹುದು. ಹಳ್ಳಿಯಲ್ಲಿ ಅವು ಒಂದೇ ಕಡೆ ಸೇರುತ್ತವೆ. ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಗಂಟೆಗಟ್ಟಲೆ ಕರೆಂಟ್ ಹೋದರೆ ಲಸಿಕೆ ಕೆಡುವ ಭಯ. ರಾತ್ರಿ ಹೆರಿಗೆಗೆ ಬೆಳಕು ಬೇಕು. ಶುದ್ಧ ನೀರಿನ ಘಟಕದ ಪಂಪು ತಿರುಗಬೇಕು. ಇವೆಲ್ಲವೂ ಚಾವಣಿಯ ಮೇಲಿನ ಕೆಲವು ಸೌರ ಹಲಗೆಗಳಿಂದ ಆಗುವ ಕೆಲಸ. 1995ರಲ್ಲಿ ಸೆಲ್ಕೊ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬಡವರ ಮನೆಗೂ ಸೌರದೀಪ ಎಟುಕುತ್ತದೆಂದು ತೋರಿಸಿದ್ದರು. ಅವರು ಹುಟ್ಟುಹಾಕಿದ ಪ್ರತಿಷ್ಠಾನದ ಜೊತೆ ಸೇರಿ ರಾಜ್ಯ ಸರ್ಕಾರವು ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಅಳವಡಿಸುವ ‘ಸೌರ ಸ್ವಾಸ್ಥ್ಯ’ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿದೆ. ಬಿಸಿಲಿಗೆ ಹೆಸರಾದ ಸೀಮೆಯ ಪ್ರತಿ ಆರೋಗ್ಯ ಕೇಂದ್ರ, ಅಂಗನವಾಡಿ, ನೀರಿನ ಘಟಕದ ಚಾವಣಿಯ ಮೇಲೂ ಇದು ಕಾಣಬೇಕು.

ಹಣ ಎಲ್ಲಿಂದ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ ಪ್ರತಿ ಜಿಲ್ಲೆಯಲ್ಲೂ ಖನಿಜ ಪ್ರತಿಷ್ಠಾನ ಇರಬೇಕೆಂದು 2015ರಲ್ಲಿ ಕಾನೂನಾಯಿತು. ಆರೋಗ್ಯ ಮತ್ತು ಕುಡಿಯುವ ನೀರು ಅದರ ಆದ್ಯತೆಗಳು. ಬಿಸಿಲಿನ ಗಣಿಗೂ ಅದೇ ನ್ಯಾಯ ಬೇಕೆಂದು ಶಾಸಕರು, ಸಂಸದರು ಸದನದಲ್ಲಿ ಕೇಳಬಹುದು. ಇನ್ನೊಂದು, 2013ರ ಕಂಪೆನಿ ಕಾಯ್ದೆ. ನಿಗದಿತ ಗಾತ್ರ ಮೀರಿದ ಕಂಪೆನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು, ತಾವು ದುಡಿಯುವ ಊರಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ ಅದು. ಆ ಹಣ ಯಾವ ಹಳ್ಳಿಗೆ ಎಷ್ಟು ಬಂತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ಎಲ್ಲರಿಗೂ ಇರುವ ಹಕ್ಕು. ಕೇಳುವಾಗ ಜಮೀನಿಲ್ಲದವರ ಹೆಸರನ್ನು ಮೊದಲು ಎತ್ತಬೇಕು. ಬಾಡಿಗೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳ ಮಕ್ಕಳೂ ಇದರಲ್ಲಿ ಕೈಜೋಡಿಸಬಹುದು. ವಿಜ್ಞಾನದ ಮೇಷ್ಟರ ನೆರವಿನಿಂದ ನಿಮ್ಮ ಶಾಲೆಯ, ನಿಮ್ಮ ಬೀದಿಯ ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿ. ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ, ಪಂಚಾಯ್ತಿಯ ಫಲಕದ ಮೇಲೆ ಬರೆಯಿರಿ. 1.5ಕ್ಕಿಂತ ಮೇಲಿದ್ದರೆ ಕೆಂಪು ಬಣ್ಣದಲ್ಲಿ ಬರೆಯಿರಿ. ಹದಿನೆಂಟು ತುಂಬಿದ ದಿನ ನಿಮಗೂ ಮತ ಬರುತ್ತದೆ. ವೋಟು ಕೇಳಲು ಬಂದವರ ಮುಂದೆ ಆ ಅಂಕಿಯನ್ನು ಹಿಡಿಯಿರಿ. ಬಿಸಿಲಿಗೆ ಬೆಲೆ ಕಟ್ಟಿಸಿಕೊಂಡ ಸೀಮೆ ಇದು. ಎಂಟು ವರ್ಷದೊಳಗಿನ ಮಗುವಿನ ಹಲ್ಲಿಗೂ ಬೆಲೆ ಕಟ್ಟಿಸಿಕೊಳ್ಳಲಿ.